ಓಡಿದ್ದರೆ ಮಾತ್ರ ಸವಕಳಿ

“ಅತ್ತಿಗೆ, ಈ ವರ್ಷ ಕಟಿಂಗ್ ಮಿಷನ್ ಓಡಿದ್ಯಾ, ಇಲ್ವಾ?”

ಕೇಳಿದವನು ಮೈದುನ, ಆಡಿಟರ್. ಬೈಂಡಿಂಗ್ ಅಂಗಡಿ ನಡೆಸುವ ಅತ್ತಿಗೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹೋದ ವರ್ಷದ ಲೆಕ್ಕ ಮುಚ್ಚಿದ ಸಂಜೆ, ಆ ಯಂತ್ರದ ಹಿಡಿ ಹಿಡಿದುಕೊಂಡೇ ಅವಳ ಗಂಡ ಕುಸಿದು ಪ್ರಾಣ ಬಿಟ್ಟಿದ್ದ. ಅವತ್ತೇ ಅವಳು ಅದರ ಫ್ಯೂಸ್ ಕಿತ್ತು ಕೈಚೀಲಕ್ಕೆ ಹಾಕಿಕೊಂಡಿದ್ದಳು. ಕಾಗದ ಕತ್ತರಿಸುವ ಕೆಲಸವೆಲ್ಲ ಆಮೇಲೆ ಹೊರಗಿನವರಿಗೇ. ಆದರೂ ದಿನಾ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋಗಿದ್ದೇ ತಡ, ಒಳಕೋಣೆಯಲ್ಲಿ ಕಚಕ್, ಕಚಕ್! ಯಾರ ಹತ್ತಿರ ಹೇಳಿಕೊಳ್ಳುವುದು? ತಲೆ ಕೆಟ್ಟಿದೆ ಅನ್ನುತ್ತಾರೆ. ನಿಜವಾಗಿಯೂ ಕೆಟ್ಟಿದೆಯೇನೋ ಎಂಬ ಭಯ ಅವಳಿಗೇ ಹತ್ತಿತ್ತು.

“ಓಡಿಲ್ಲ ಅಂತ ಬರಿ,” ಎಂದಳು. ಹಾಗೆ ಬರೆಸಿದರಾದರೂ ಆ ಸದ್ದು ಸುಳ್ಳಾಗಲಿ ಎಂಬ ಆಸೆ, ಪಾಪ.

“ಅಯ್ಯೋ, ಓಡಿಲ್ಲ ಅಂದ್ರೆ ಸವಕಳಿ ಸಿಗಲ್ಲ! ಮಿಷನ್ ಸವೆದಷ್ಟು ಲಾಭದಲ್ಲಿ ಕಳೀತೀವಿ, ತೆರಿಗೆ ಇಳಿಯುತ್ತೆ. ಓಡದೇ ಇರೋದು ಸವೆಯುತ್ತಾ?”

“ಈ ವರ್ಷ ಸವೆದಿದ್ದು ನಾನೊಬ್ಬಳೇ. ಅದನ್ನ ಕಳಿ ನೋಡೋಣ.”

ಮೈದುನ ನಗಲಿಲ್ಲ. ಮಾತು ನಂಬುವ ಆಸಾಮಿಯೇ ಅಲ್ಲ ಅವನು, ಏನಿದ್ದರೂ ಅಂಕಿ. ಒಳಗೆ ಹೋಗಿ ಯಂತ್ರದ ಹೊದಿಕೆ ಸರಿಸಿದ. ಎಷ್ಟು ಸಲ ಕತ್ತರಿಸಿದೆ ಎಂದು ತೋರಿಸುವ ಮೀಟರು ಅದರ ಪಕ್ಕದಲ್ಲಿತ್ತು. ಕಡೆಯ ದಿನ ಅಣ್ಣನೇ ಪುಸ್ತಕದಲ್ಲಿ ಬರೆದಿಟ್ಟಿದ್ದ ಸಂಖ್ಯೆಯ ಜೊತೆ ಹೋಲಿಸಿ ನೋಡಿದ.

“ನಾಲ್ಕು ಸಾವಿರ ಜಾಸ್ತಿ ಆಗಿದೆ! ನನ್ನ ಕಿವಿ ಮೇಲೇ ಹೂ ಇಡ್ತೀರಾ, ಅತ್ತಿಗೆ?”

ಅವಳು ಕೈಚೀಲದಿಂದ ಫ್ಯೂಸ್ ತೆಗೆದು ಅವನ ಅಂಗೈಗಿಟ್ಟಳು. ಅದರ ಹಿತ್ತಾಳೆಗೆ ವರ್ಷದ ಕಿಲುಬು ಹಿಡಿದಿತ್ತು.

ಅವನು ಫ್ಯೂಸ್ ನೋಡಿದ, ಗೋಡೆಯ ಮೇಲೆ ಅದರ ಖಾಲಿ ಜಾಗ ನೋಡಿದ, ಮತ್ತೆ ಮೀಟರು ನೋಡಿದ. “ಕರೆಂಟೇ ಇಲ್ಲದೆ ಓಡಿದೆ!” ಎಂದ. ಅವಳಿಗೋ, ವರ್ಷವಿಡೀ ಹೊತ್ತ ಭಾರ ಇಳಿದು ಅಳು ಒತ್ತರಿಸಿ ಬಂತು. ಅವಳ ತಲೆ ನೆಟ್ಟಗೇ ಇತ್ತು.

“ಯಾವಾಗ ಓಡುತ್ತೆ?” ದನಿ ಇಳಿಸಿ ಕೇಳಿದ.

“ಎಲ್ಲರೂ ಊಟಕ್ಕೆ ಹೋದಾಗ.”

ಮೈದುನ ಹೊರಗೆ ಹೋಗಿ, ಇವತ್ತು ಬೇಗ ಊಟಕ್ಕೆ ಹೊರಡಿ ಎಂದು ಕೆಲಸದವರನ್ನು ಕಳಿಸಿದ. ಬಾಗಿಲು ಮುಂದೆ ಮಾಡಿ ಬಂದು, ಯಂತ್ರದ ಎದುರು ಎರಡು ಸ್ಟೂಲು ಎಳೆದು, ಒಂದರ ಮೇಲೆ ಅತ್ತಿಗೆಯನ್ನು ಕೂರಿಸಿ, ಇನ್ನೊಂದರ ಮೇಲೆ ತಾನು ಕುಳಿತ.

“ಅಣ್ಣಾ,” ಎಂದ ಯಂತ್ರದ ಕಡೆ ಬಾಗಿ, “ಶುರು ಮಾಡು. ನಾನೂ ಇದ್ದೀನಿ ಕಣೋ.”