ನನ್ನ ಮೈಗೆ ಕೊರೆದ ತೂತುಗಳು

ನಾನೊಂದು ಇದ್ದಿಲ ಗ್ರಿಲ್. ನನ್ನ ಮೈಯಲ್ಲಿ ಎರಡು ತೂತುಗಳಿವೆ. ಒಂದನ್ನು ಬೋಲ್ಟು ಹಾಕಿ ಮುಚ್ಚಿದ್ದಾರೆ, ಇನ್ನೊಂದರಲ್ಲಿ ಹಿತ್ತಾಳೆಯ ಬುಶ್, ಅಂದರೆ ಒಂದು ಪುಟ್ಟ ಬಳೆ, ಕೂತಿದೆ. ನೋಡಿದವರೆಲ್ಲ ಎಂಥ ಒಳ್ಳೆಯ ಏರ್ಪಾಡು ಎಂದು ಮೆಚ್ಚುತ್ತಾರೆ. ಮೈಗೆ ಡ್ರಿಲ್ ಇಟ್ಟಾಗ ಹೇಗಾಯಿತು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮಾಡದ ತಪ್ಪಿಗೆ ಮೈ ಕೊರೆಸಿಕೊಂಡು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗದು.

ಮಂಗಳೂರಿನ ಬಂದರಿನಲ್ಲಿ, ದೋಣಿ ರಿಪೇರಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ನಾನು ಹುಟ್ಟಿದೆ. ಅದಕ್ಕೂ ಮೊದಲು ತೆಂಗಿನೆಣ್ಣೆಯ ಡ್ರಮ್ಮಾಗಿದ್ದೆ. ನನ್ನನ್ನು ಉದ್ದಕ್ಕೆ ಸೀಳಿ, ಕೆಳಗಿನ ಅರ್ಧಕ್ಕೆ ಕಾಲು ಕೊಟ್ಟು, ಮೇಲಿನ ಅರ್ಧಕ್ಕೆ ಬಿಜಾಗರಿ ಹಾಕಿ ಮುಚ್ಚಳ ಮಾಡಿದರು. ಗಾಳಿಗೊಂದು ಕಿಂಡಿ, ಹೊಗೆಗೊಂದು ಕೊಳವೆ, ನಡುವೆ ಕಬ್ಬಿಣದ ಜಾಲರಿ. ಒಳಗೆ ಬೆಂಕಿ ಹಾಕಿ ಹಳೆಯ ಎಣ್ಣೆಯ ವಾಸನೆಯನ್ನೆಲ್ಲ ಸುಟ್ಟಾಗ, ಇನ್ನು ಮುಂದೆ ನನಗೆ ಮರ್ಯಾದೆಯ ಬದುಕು ಎಂದುಕೊಂಡೆ.

ಮರ್ಯಾದೆ ಎಲ್ಲಿಂದ ಬರಬೇಕು? ಮೊದಲು ಕೊಂಡವರು ಕಡಲತೀರದ ಒಂದು ರೆಸಾರ್ಟಿನವರು. ನನಗೆ ನೀಲಿ ಬಣ್ಣ ಬಳಿದು ಬಾಗಿಲ ಬಳಿ ನಿಲ್ಲಿಸಿದರು. ಮೀನು ಬೇಯುತ್ತಿದ್ದದ್ದು ಒಳಗೆ, ಗ್ಯಾಸಿನ ಒಲೆಯಲ್ಲಿ. ಬೆಂದ ಮೀನನ್ನು ತಂದು ನನ್ನ ಜಾಲರಿಯ ಮೇಲೆ ಕರಿಗೆರೆ ಬೀಳುವಷ್ಟು ಹೊತ್ತು ಮಲಗಿಸಿ, ಕೆಂಡದಲ್ಲಿ ಸುಟ್ಟದ್ದು ಎಂದು ಬಡಿಸುತ್ತಿದ್ದರು. ಅಂಥ ಮೋಸಕ್ಕೆ ನನ್ನ ಹೆಸರು! ರೆಸಾರ್ಟು ಬಾಗಿಲು ಹಾಕಿದಾಗ ನನಗೇನೂ ದುಃಖವಾಗಲಿಲ್ಲ. ಗುಜರಿಗೆ ಹೊರಟಿದ್ದ ನನ್ನನ್ನು ಲಾದ್ರು ಪೊರ್ಬು ತಡೆದು ತನ್ನ ಮನೆಗೆ ತಂದ. ಬಂದರಿನ ಐಸ್ ಪ್ಲಾಂಟಿನಲ್ಲಿ ಆತ ಮೆಕ್ಯಾನಿಕ್.

ಅವನ ಹೆಂಡತಿ ಸೆವ್ರಿನ್ ಬಾಯಿ. ಸುತ್ತಮುತ್ತಲ ಇಗರ್ಜಿಗಳಲ್ಲಿ ಅವಳ ಹಂದಿಮರಿ ರೋಸ್ಟು ಎಂದರೆ ಜನ ಸಾಲು ನಿಲ್ಲುತ್ತಿದ್ದರು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಇರಲಿ, ಹಬ್ಬವಿರಲಿ, ಇಡೀ ಮರಿಯನ್ನು ಮಸಾಲೆ ತುಂಬಿಸಿ ನನ್ನೊಳಗೆ ಮಲಗಿಸಿದಳೆಂದರೆ ಮೇಲೆ ಹಪ್ಪಳ, ಒಳಗೆ ಬೆಣ್ಣೆ. ಅವಳ ಬಳಿ ಗಡಿಯಾರವಿರಲಿಲ್ಲ. ಜಾಲರಿಯ ಮೇಲೆ ಅಂಗೈ ಹಿಡಿದು, ಏಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ ಜಪಿಸುತ್ತಿದ್ದಳು. ದಿನದ ಅನ್ನ ಕೇಳುವ ಸಾಲು ಬರುವಷ್ಟರಲ್ಲಿ ಕೈ ತಡೆಯಲಾಗದೆ ಹಿಂದೆ ಬಂದರೆ ಕೆಂಡ ಸರಿಯಾಗಿದೆ ಎಂದು ಲೆಕ್ಕ. ಅದಕ್ಕಿಂತ ಮೊದಲೇ ಬಂದರೆ ಗಾಳಿಯ ಕಿಂಡಿ ಮುಚ್ಚಬೇಕು, ಅದನ್ನೂ ದಾಟಿದರೆ ಇದ್ದಿಲು ಹಾಕಬೇಕು. ಆ ಕಾಲದಲ್ಲಿ ನಾನು ಸುಖವಾಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಒಂದೇ ಉಪದ್ರವವೆಂದರೆ ಗಂಡಸರು. ಕೈಯಲ್ಲಿ ಗ್ಲಾಸು ಹಿಡಿದ ಪ್ರತಿಯೊಬ್ಬನೂ ಬಂದು ನನ್ನ ಮುಚ್ಚಳ ಎತ್ತಿ ಇಣುಕಬೇಕು, ಒಂದು ಸಲಹೆ ಕೊಡಬೇಕು. ಎತ್ತಿದಾಗಲೆಲ್ಲ ನಾನು ಕಷ್ಟಪಟ್ಟು ಕೂಡಿಸಿಟ್ಟ ಶಾಖವೆಲ್ಲ ಗಾಳಿಪಾಲು. ಅವರಲ್ಲಿ ಮುಂದಾಳು ವಾರ್ಡಿನ ಗುರ್ಕಾರ ಸಿಪ್ರಿಯಾನ್. ಮದುವೆ, ಮರಣ, ನೀರಿನ ಜಗಳ ಎಲ್ಲಕ್ಕೂ ಅವನೇ ಹಿರಿಯ. ಹಂದಿಮರಿಗೂ ತಾನೇ ಹಿರಿಯನೆಂದು ತಿಳಿದಿದ್ದ.

ಎಷ್ಟೋ ವರ್ಷ ಹೀಗೆ ನಡೆಯಿತು. ಆಮೇಲೆ ಸೆವ್ರಿನ್ ಬಾಯಿಯ ಅಂಗೈ ನನ್ನ ಮೇಲೆ ನಿಲ್ಲುವ ಹೊತ್ತು ಹೆಚ್ಚುತ್ತ ಬಂತು. ಅನ್ನದ ಸಾಲು ದಾಟಿತು, ಕ್ಷಮೆ ಕೇಳುವ ಸಾಲು ದಾಟಿತು. ಕೊನೆಗೊಂದು ದಿನ ಆಮೆನ್ ಮುಗಿದರೂ ಕೈ ಅಲ್ಲೇ ಇತ್ತು. ಕೆಂಡ ಸಾಲುವುದಿಲ್ಲವೆಂದು ಅವಳು ಇನ್ನಷ್ಟು ಇದ್ದಿಲು ಸುರಿದಳು. ನಾನು ಧಗಧಗ ಉರಿಯುತ್ತಿದ್ದೆ. ಅವಳ ಅಂಗೈಯ ಚರ್ಮ ಕೆಂಪಾಗುವುದು ನನಗೆ ಕಾಣುತ್ತಿತ್ತು. ತೆಗೆಯೇ ಕೈಯನ್ನು ಎಂದು ಕೂಗಲು ನನಗೆ ಬಾಯಿಯಿಲ್ಲ. ಮರುದಿನ ಎದ್ದ ಗುಳ್ಳೆಗಳಿಗೆ ಎಣ್ಣೆ ಸಿಡಿಯಿತು ಎಂದು ಗಂಡನಿಗೆ ಹೇಳಿದಳು. ಅವನು ಹೂಂ ಎಂದ. ಅಷ್ಟೇ.

ಅದು ನಡೆದದ್ದು ಗುರ್ಕಾರನ ಮಗಳ ರೋಸಿನ ಸಂಜೆ. ಮರಿಯನ್ನು ಕತ್ತರಿಸಿದರೆ ಚರ್ಮ ಇದ್ದಿಲಾಗಿತ್ತು, ಮೂಳೆಯ ಬಳಿ ಮಾಂಸ ಹಸಿಯಾಗಿತ್ತು. ಗುರ್ಕಾರ ಎಲ್ಲರೆದುರೇ ಕೇಳಿದ.

"ಎಂತ ಇದು ಬಾಯಿ? ಹೊರಗೆ ಕರಿ, ಒಳಗೆ ರಕ್ತ. ಬೀಗರಿಗೆ ನಾನು ಎಂತ ಹೇಳುವುದು?"

ಆ ಸಂಜೆ ಹತ್ತು ಸಲ ಮುಚ್ಚಳ ಎತ್ತಿದವನು ಬಾಯಿಬಿಟ್ಟು ಬೈಯುತ್ತಿದ್ದರೆ ನನ್ನ ಮೈಯೆಲ್ಲ ಉರಿಯಿತು. ಆ ಸುದ್ದಿ ಇಗರ್ಜಿಯಿಂದ ಇಗರ್ಜಿಗೆ ಹೋಯಿತು. ಕರೆಯುವವರು ಕಡಿಮೆಯಾದರು. ಕೊನೆಗೆ ಉಳಿದದ್ದು ಪಾದ್ರಿಗಳು ದಾಕ್ಷಿಣ್ಯಕ್ಕೆ ಒಪ್ಪಿಸಿದ್ದ ಇಗರ್ಜಿಯ ವಾರ್ಷಿಕ ಹಬ್ಬದ ಅಡುಗೆ ಒಂದೇ. ಅದೂ ಕೆಟ್ಟರೆ ಜೀವಮಾನವಿಡೀ ಗಳಿಸಿದ ಹೆಸರು ಅಲ್ಲಿಗೆ ಮುಗಿಯಿತು. ಅವಳಿಗೆ ಆ ಕೆಲಸ ಬಿಟ್ಟು ಬೇರೆ ಬದುಕು ಗೊತ್ತಿರಲಿಲ್ಲ.

ಲಾದ್ರು ಹೆಂಡತಿಯನ್ನು ಸಮಾಧಾನ ಮಾಡಿದ. ಹೇಗೆ ಗೊತ್ತೇ?

"ನಿನ್ನ ಕೈಯದ್ದು ಎಂತ ತಪ್ಪಿಲ್ಲ. ಈ ಡ್ರಮ್ಮಿಗೆ ವಯಸ್ಸಾಯ್ತು. ಎಲ್ಲಿಂದಲೋ ಶಾಖ ಸೋರ್ತಾ ಉಂಟು. ಮೀಟರ್ ಇಟ್ಟು ನೋಡುವ."

ನಾನು ಸೋರುತ್ತೇನಂತೆ! ಒಂದು ಸೂಜಿಮೊನೆಯಷ್ಟು ಬಿರುಕಿಲ್ಲದ ನನ್ನ ಮುಚ್ಚಳದ ನೆತ್ತಿಗೆ ಅವನು ಡ್ರಿಲ್ ಇಟ್ಟ. ಐಸ್ ಪ್ಲಾಂಟಿನಿಂದ ತಂದ ಒಂದು ಪ್ರೋಬನ್ನು, ಅಂದರೆ ಶಾಖ ಅಳೆಯುವ ಕಡ್ಡಿಯನ್ನು, ತೂತಿನಿಂದ ಇಳಿಬಿಟ್ಟ. ಬದುಕಿಡೀ ಮಂಜುಗಡ್ಡೆಯ ತಂಪು ಅಳೆದ ಕಡ್ಡಿ ಅದು. ಕೆಂಡ ಕೆಂಪಾಗುತ್ತಿದ್ದಂತೆ ಅದರ ಪ್ಲಾಸ್ಟಿಕ್ ವಯರು ಕರಗಿ ನನ್ನ ಜಾಲರಿಯ ಮೇಲೆ ತೊಟ್ಟಿಕ್ಕಿತು. ಆ ದುರ್ವಾಸನೆ ಹೋಗಲು ಎಷ್ಟು ದಿನ ಬೇಕಾಯಿತೋ. ಮೆಕ್ಯಾನಿಕ್ಕಂತೆ!

ಎರಡನೆಯ ಸಲ ಸ್ಟೀಲ್ ಹೆಣಿಗೆಯ ವಯರಿರುವ ಪ್ರೋಬುಗಳನ್ನು ತರಿಸಿದ. ಮುಚ್ಚಳದಡಿಯಿಂದ ವಯರು ಎಳೆದರೆ ಜಜ್ಜಿಹೋಗುತ್ತದೆಂದು ಅವನಿಗೇ ಹೊಳೆಯಿತು. ನೆತ್ತಿಯ ಶಾಖ ಬೇರೆ, ಮಾಂಸ ಮಲಗುವಲ್ಲಿನ ಶಾಖ ಬೇರೆ ಎಂಬುದೂ ತಡವಾಗಿಯಾದರೂ ತಿಳಿಯಿತು. ಹಾಗಾಗಿ ನೆತ್ತಿಯ ತೂತಿಗೆ ಬೋಲ್ಟು ಜಡಿದು, ಈ ಬಾರಿ ಜಾಲರಿಗಿಂತ ತುಸು ಮೇಲೆ, ನನ್ನ ಪಕ್ಕೆಗೆ ಡ್ರಿಲ್. ಅಂಚು ವಯರನ್ನು ಕೊಯ್ಯದಂತೆ ದೋಣಿಯ ಡೀಸೆಲ್ ಪೈಪಿನ ಹಿತ್ತಾಳೆ ಬುಶ್ ಕೂರಿಸಿದ. ಒಂದು ಕಡ್ಡಿ ಜಾಲರಿಗೆ, ಇನ್ನೊಂದು ಮೂಳೆಗೆ ತಾಗದಂತೆ ಮಾಂಸದ ದಪ್ಪಕ್ಕೆ ಚುಚ್ಚಲು. ಕೆಲಸ ಅಚ್ಚುಕಟ್ಟಾಗಿತ್ತು, ಅಷ್ಟನ್ನು ಅಲ್ಲಗಳೆಯಲಾರೆ. ಆದರೆ ರೋಗ ಒಬ್ಬರಿಗೆ, ಸೂಜಿ ಇನ್ನೊಬ್ಬರಿಗೆ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಹಬ್ಬಕ್ಕೆ ಮೊದಲಿನ ಭಾನುವಾರ ಹಿತ್ತಲಲ್ಲಿ ನನ್ನನ್ನು ಉರಿಸಿ ಪರೀಕ್ಷೆ ಮಾಡಿದರು. ಸೆವ್ರಿನ್ ಬಾಯಿ ಅಂಗೈ ಹಿಡಿದು ಜಪ ಶುರುಮಾಡಿದಳು. ಲಾದ್ರು ವಯರಿನ ಇನ್ನೊಂದು ತುದಿಯ ಮೀಟರ್ ಪೆಟ್ಟಿಗೆಯಲ್ಲಿ ಅಂಕಿ ನೋಡಿದ. ನೂರೈವತ್ತು ಡಿಗ್ರಿಯ ಸುಮಾರಿಗೆ ಇರಬೇಕಾದ ಅಂಕಿ ಮುನ್ನೂರರ ಹತ್ತಿರವಿತ್ತು.

"ಕೆಂಡ ಸಾಲುವುದಿಲ್ಲ" ಎಂದಳು ಅವಳು. "ನಿಮ್ಮ ಮೆಷಿನ್ ಸುಳ್ಳು ಹೇಳ್ತದೆ."

ಲಾದ್ರು ಪಕ್ಕದಲ್ಲೇ ತನ್ನ ಕೈ ಹಿಡಿದು ನೋಡಿದ. ಕ್ಷಣವೂ ತಡೆಯಲಿಲ್ಲ, ಹೌಹಾರಿ ಎಳೆದುಕೊಂಡ. ಆಮೇಲೆ ತಿರುಗಿ ಅವಳ ಕೈ ನೋಡಿದ. ಅದು ಇನ್ನೂ ಅಲ್ಲೇ ಇತ್ತು.

"ಸೆವ್ರಿನ್, ಕೈ ತೆಗಿ."

"ಯಾಕೆ? ಇನ್ನೂ ಮುಗೀಲಿಲ್ಲ."

ಅವನು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದು ಅಂಗೈ ಮಗುಚಿದ. ಹಳೆಯ ಗುಳ್ಳೆ, ಹೊಸ ಗುಳ್ಳೆ, ಒಡೆದು ಒಣಗಿದ ಚರ್ಮ. ನನ್ನ ಮುಚ್ಚಳ ಎತ್ತಿ ನೋಡದವರು ಇಡೀ ವಾರ್ಡಿನಲ್ಲಿ ಒಬ್ಬರೂ ಇರಲಿಲ್ಲ. ಆ ಅಂಗೈಯನ್ನು ತಿರುಗಿಸಿ ನೋಡಿದವರೂ ಅಂದಿನವರೆಗೆ ಒಬ್ಬರೂ ಇರಲಿಲ್ಲ. ಜೊತೆಯಲ್ಲಿ ಉಂಡು ಮಲಗುವ ಗಂಡನೂ ನೋಡಿರಲಿಲ್ಲ. ಲಾದ್ರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತ. ಬೆರಳು ಜೋಮು ಹಿಡಿಯುವುದು ನನಗೆ ಗೊತ್ತಿತ್ತು, ಅಂಗೈ ಸರಿಯಿದೆಯೆಂದು ನಂಬಿದ್ದೆ ಎಂದಳು ಸೆವ್ರಿನ್ ಬಾಯಿ. ಹೇಳಿದರೆ ಎಲ್ಲಿ ಕೆಲಸ ಬಿಡಿಸುತ್ತಾರೋ ಎಂದು ಹೆದರಿ ಸುಮ್ಮನಿದ್ದಳಂತೆ. ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ ಎಂದರು ಡಾಕ್ಟರು.

ಕೆಲಸ ಬಿಡಲಿಲ್ಲ. ಹಬ್ಬದ ದಿನ ಕೈಗೆ ಬಟ್ಟೆ ಸುತ್ತಿಕೊಂಡು, ಕನ್ನಡಕ ಏರಿಸಿ, ಪೆಟ್ಟಿಗೆಯ ಅಂಕಿ ನೋಡಿ ನನ್ನ ಕಿಂಡಿ ತೆರೆದಳು, ಮುಚ್ಚಿದಳು. ಮಾಂಸದ ಕಡ್ಡಿ ಸಾಕೆನ್ನುವವರೆಗೆ ಮುಚ್ಚಳ ಮುಟ್ಟಲು ಯಾರನ್ನೂ ಬಿಡಲಿಲ್ಲ. ಮರಿ ಚೆನ್ನಾಗಿ ಬೆಂದಿತು. ಎಲ್ಲರೂ ಹೊಗಳಿದ್ದು ಲಾದ್ರುವಿನ ಮೀಟರನ್ನು. ನನ್ನಲ್ಲಿ ದೋಷವಿರಲಿಲ್ಲ ಎಂದು ಒಬ್ಬನೂ ಬಾಯಿಬಿಡಲಿಲ್ಲ.

ಈಗ ನನ್ನ ತಳ ತುಕ್ಕು ಹಿಡಿದಿದೆ. ಅಂಗಡಿಯಿಂದ ತಂದ ಹೊಸ ಗ್ರಿಲ್ಲು ಅಂಗಳದಲ್ಲಿ ಮೆರೆಯುತ್ತಿದೆ. ಪ್ರೋಬಿನ ತೂತು ಅದಕ್ಕೆ ಹುಟ್ಟಿನಿಂದಲೇ ಇದೆ, ಪುಣ್ಯವಂತ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದೇನೆ.

ಮೊನ್ನೆ ಗುರ್ಕಾರ ಸಿಪ್ರಿಯಾನ್ ಮೊಮ್ಮಗನ ನಾಮಕರಣದ ಅಡುಗೆಗೆ ಹೇಳಲು ಬಂದಿದ್ದ. ಹಿತ್ತಲಿಗೂ ಬಂದು ನನ್ನ ಮುಚ್ಚಳ ಎತ್ತಿ ನೋಡಿದ. ಹಾಳು ಚಟ. ಅಷ್ಟು ವರ್ಷ ಇಲ್ಲದ ಈ ತೂತು, ಮೀಟರು ಯಾಕೆ ಬೇಕಾಯಿತೆಂದು ಕೇಳಿದ. ಲಾದ್ರು ಶಾಖದ ಲೆಕ್ಕ ವಿವರಿಸಲು ಹೊರಟ. ಸೆವ್ರಿನ್ ಬಾಯಿ ಅವನನ್ನು ತಡೆದಳು.

"ನನ್ನ ಕೈಗೆ ಬಿಸಿ ಗೊತ್ತಾಗುದಿಲ್ಲ. ಅದಕ್ಕೆ. ನಿಮ್ಮ ಮಗಳ ರೋಸಿಗೆ ಮಾಂಸ ಕೆಟ್ಟದ್ದೂ ಅದರಿಂದಲೇ."

ಗುರ್ಕಾರ ಬೈಯುತ್ತಾನೆಂದು ನಾನು ಕಾದೆ. ಅವನು ಬೈಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ಮೆಲ್ಲನೆ ಕೂತ. ಲಾದ್ರು ನೀರು ತರಲು ಒಳಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳಿದ.

"ನನಗೂ ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯುದಿಲ್ಲ ಬಾಯಿ. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ."

ಸೆವ್ರಿನ್ ಬಾಯಿ ಅವನೆದುರು ಮಣೆ ಎಳೆದು ಕೂತಳು. ಅವನ ಕಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡು ಚಪ್ಪಲಿ ಕಳಚಿ, ಪಾದ ಮಗುಚಿ ನೋಡಿದಳು. ಹಿಮ್ಮಡಿಯಲ್ಲಿ ಒಂದು ಚಿಕ್ಕ ಮೊಳೆ ಚರ್ಮದ ಮಟ್ಟಕ್ಕೆ ಹೂತು ಕೂತಿತ್ತು. ಸುತ್ತಲೂ ಕೀವಾಗಿತ್ತು. ಯಾವ ದಿನ ಹೊಕ್ಕಿತೋ ಅವನಿಗೆ ಗೊತ್ತಿಲ್ಲ.

ಅವಳು ಲಾದ್ರುವನ್ನು ಕೂಗಿ, ನೀರು ಬೇಡ, ರಿಕ್ಷಾ ಕರೆಯಿರಿ ಎಂದಳು. ಗುರ್ಕಾರ ಹಿರಿಯನ ಗತ್ತನ್ನೆಲ್ಲ ಬಿಟ್ಟು ಮಗುವಿನಂತೆ ಅವಳ ಹೆಗಲು ಹಿಡಿದು ಎದ್ದ. ಅವಸರದಲ್ಲಿ ನನ್ನ ಮುಚ್ಚಳವನ್ನು ಹಾಗೇ ತೆರೆದಿಟ್ಟು ಹೋದರು. ಇರಲಿ, ಈ ಒಂದು ಸಲ ಕ್ಷಮಿಸಿದ್ದೇನೆ.