ಹಾಲಿನ ಗುಂಡಿ

ಹಳೇ ಸಾಮಾನಿನ ಅಂಗಡಿ ಇಟ್ಟ ಮಾತ್ರಕ್ಕೆ ನಮ್ಮ ಭಾವನಿಗೆ ಎಲ್ಲಾ ಗೊತ್ತು ಅಂತ ಯಾರು ಹೇಳಿದರೋ ಕಾಣೆ. ಸವೆದ ಕೋಟಿನಿಂದ ನಾನು ಬಿಚ್ಚಿ ತಂದ ಹೂಕೆತ್ತನೆಯ ಹಸಿರು ಗುಂಡಿಯನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ, "ಪ್ಲಾಸ್ಟಿಕ್ಕು. ಮೊನ್ನೆ ಮೊನ್ನೆಯದು" ಅಂತ ಮೂಲೆಯ ಡಬ್ಬಿಗೆ ಎಸೆದರು.

ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಗುಂಡಿಯನ್ನು ಹೆಕ್ಕಿಕೊಂಡು, "ಒಡೆದ ಹಾಲನ್ನ ಗಟ್ಟಿ ಮಾಡಿ ಗುಂಡಿ ಕೆತ್ತುತ್ತಿದ್ದ ಕಾಲದ್ದು ಇದು. ಎಂಬತ್ತು ವರ್ಷವಾದರೂ ಆಗಿದೆ" ಎಂದೆ.

"ಹಾಗಾದ್ರೆ ಸಕ್ಕರೆ ಹಾಕ್ಕೊಂಡು ಕುಡಿ" ಎಂದು ಭಾವ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಸೂಜಿಯನ್ನು ಮೇಣದಬತ್ತಿಯಲ್ಲಿ ಚೆನ್ನಾಗಿ ಕಾಯಿಸಿ ಗುಂಡಿಯ ಬೆನ್ನಿಗೆ ಚುಚ್ಚಿದೆ. ಸಣ್ಣಗೆ ಹೊಗೆಯೆದ್ದಿತು. ಭಾವ ಮೂಸಿ ನೋಡಿ, "ಪ್ಲಾಸ್ಟಿಕ್ ಸುಟ್ಟ ವಾಸನೆಯೇ" ಎಂದು ಸಾಧಿಸಿದರು.

ಅಷ್ಟರಲ್ಲಿ ಅಕ್ಕ ಮಹಡಿಯಿಂದ ಇಳಿದು ಬಂದಳು. ನಮ್ಮ ಜಗಳದ ಒಂದು ಮಾತೂ ಅವಳ ಕಿವಿಗೆ ಬಿದ್ದಿರಲಿಲ್ಲ. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಗಂಡನನ್ನು ಗದರಿದಳು: "ಏನ್ರೀ, ಅಂಗಡೀಲಿ ಹಾಲು ಕಾಯೋಕಿಟ್ಟು ಮರೆತ್ರಾ? ತಳ ಸೀದುಹೋಗಿದೆ ನೋಡಿ."

ನಾನು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ಭಾವನ ಮುಂದೆ ಇಟ್ಟೆ.