ಸುಹೈಲಾ ನುಂಗಿದ ಮಾತು

ಗಲ್ಫಿನ ಸಹಮ್ ಪಟ್ಟಣದ ಹೆದ್ದಾರಿ ಬದಿಯ ಸಣ್ಣ ಕ್ಲಿನಿಕ್ಕಿನಲ್ಲಿ ಸುಹೈಲಾಳಿಗೆ ರಿಸೆಪ್ಷನ್ ಕೆಲಸ. ಓದಿದ್ದು ಬಿ.ಕಾಂ. ಆದರೆ ಈಜಿಪ್ಟಿನ ಡಾಕ್ಟರಿಗೆ ಅರಬಿ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಹಾಗಾಗಿ ನಮ್ಮ ಕರಾವಳಿಯವರ ನೋವನ್ನೆಲ್ಲ ಅವರಿಗೆ ದಾಟಿಸುವ ಕೆಲಸವೂ ಅವಳ ತಲೆಗೇ ಬಿತ್ತು. ನಾಲ್ಕು ವರ್ಷ ಇದನ್ನೇ ಮಾಡಿ, ತಾನು ಮನಃಶಾಸ್ತ್ರಜ್ಞೆಯೇ ಆಗಬೇಕೆಂದು ಹಟ ಹಿಡಿದಿದ್ದಳು.

ಬೇರೆ ವಿಷಯ ಓದಿದವರಿಗೂ ಅದಕ್ಕೆ ಸ್ನಾತಕೋತ್ತರ ಕೋರ್ಸುಗಳಿವೆ. ಆರಿಸಿ ಆರಿಸಿ ಎರಡು ಉಳಿದಿದ್ದವು. ಒಂದು ಆನ್‌ಲೈನಿನದು, ಒಂದೇ ವರ್ಷ. ಪದವಿ ಸಿಗುತ್ತದೆ, ರೋಗಿಗಳನ್ನು ನೋಡುವ ದಾರಿ ತೆರೆಯುವುದಿಲ್ಲ. ಇನ್ನೊಂದಕ್ಕೆ ಮಾನ್ಯತೆಯಿದೆ, ಆದರೆ ಕೆಲಸ ಬಿಟ್ಟು ಎರಡು ವರ್ಷ ದೂರ ಹೋಗಬೇಕು. ಅದರ ಅರ್ಜಿಯಲ್ಲಿ, ಈ ದಾರಿಗೆ ನಿಮ್ಮನ್ನು ತಂದದ್ದು ಏನು ಎಂದು ಒಂದು ಪುಟ ಬರೆಯಬೇಕಿತ್ತು. ನಾಳೆ ಕೊನೆಯ ದಿನ. ಪುಟ ಇನ್ನೂ ಖಾಲಿ.

“ಕೂತಲ್ಲೇ ಆಗುದನ್ನು ಬಿಟ್ಟು ಎಲ್ಲಿಗೆ ಹೋಗುದು ಮಾರಾಯ್ತಿ? ಮನೆಗೆ ಮಾರಿ, ಊರಿಗೆ ಉಪಕಾರಿ!” ಎಂದು ಉಮ್ಮ ಸೈನಬ ಬೆಳಿಗ್ಗೆಯೂ ಗೊಣಗಿದ್ದರು. ಸುಹೈಲಾ ಹೂಂಗುಟ್ಟಿದ್ದಳು. ಉಮ್ಮನ ಮಾತಿಗಲ್ಲ, ಆ ಪುಟಕ್ಕೆ ಹೆದರಿ. ಅಲ್ಲಿ ನಿಜ ಬರೆಯುವುದಾದರೆ ಉಮರಬ್ಬರ ವಿಷಯ ಬರೆಯಬೇಕಿತ್ತು.

ಎಂಟು ತಿಂಗಳ ಹಿಂದೆ, ಖರ್ಜೂರದ ತೋಟದಲ್ಲಿ ದುಡಿಯುವ ಉಮರಬ್ಬ ಬಂದು, ನಿದ್ದೆ ಬರುವುದಿಲ್ಲ ಎಂದಿದ್ದರು. ಆಮೇಲೆ ನೆಲ ನೋಡುತ್ತ, “ಬೆಳಿಗ್ಗೆ ಏಳುದೇ ಬೇಡ, ಹಾಗೇ ಹೋಗಿಬಿಡುವ ಅಂತ ಕಾಣ್ತದೆ” ಎಂದರು. ಸುಹೈಲಾ ಮೊದಲನೆಯದನ್ನು ಡಾಕ್ಟರಿಗೆ ಹೇಳಿ, ಎರಡನೆಯದನ್ನು ನುಂಗಿದಳು. ಫೈಲಿಗೆ ಬಿದ್ದರೆ ವೀಸಾ ಕೊಟ್ಟ ಧಣಿ ಕಫೀಲ್‌ನ ಕಿವಿಗೂ ಬೀಳುತ್ತದೆ, ವೀಸಾ ಖಲಾಸ್, ಊರಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂದು ಎಲ್ಲ ತಾನೇ ತೀರ್ಮಾನಿಸಿದಳು, ದೊಡ್ಡ ಜಾಣೆ! ಡಾಕ್ಟರು ನಿದ್ದೆ ಮಾತ್ರೆ ಬರೆದರು. ಉಮರಬ್ಬ ಮತ್ತೆ ಬರಲಿಲ್ಲ.

ಇವತ್ತು ಬಂದರು, ಬಿ.ಪಿ. ನೋಡಿಸಲು. ಅಂಗಿ ಮೈಮೇಲೆ ನೇತುಹಾಕಿದಂತಿತ್ತು.

“ಇಷ್ಟು ದಿನ ಯಾಕೆ ಬರ್ಲಿಲ್ಲ ಕಾಕ?”

“ಯಾಕೆ ಬರುದು ಮೋಳೇ? ಅಂಥ ಮಾತು ಕೇಳಿಯೂ ಡಾಕ್ಟರು ಬರೀ ಮಾತ್ರೆ ಬರೆದ್ರು. ಅದೇನು ದೊಡ್ಡ ವಿಷಯ ಅಲ್ಲ ಅಂತ ತಿಳ್ಕೊಂಡೆ. ಮತ್ತೆ ಯಾರ ಹತ್ರವೂ ಹೇಳ್ಲಿಲ್ಲ.”

ಸುಹೈಲಾ ಕೌಂಟರು ಬಿಟ್ಟು ಅವರ ಪಕ್ಕ ಬಂದು ಕೂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಡಾಕ್ಟರಿಗೆ ಆ ಮಾತು ಗೊತ್ತೇ ಆಗ್ಲಿಲ್ಲ ಕಾಕ. ನಾನು ಹೇಳ್ಲಿಲ್ಲ. ನಿಮ್ಮ ವೀಸಾ ಹೋದೀತು ಅಂತ ಹೆದರಿದೆ.”

ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಉಮರಬ್ಬ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಎಂಟು ತಿಂಗಳು” ಎಂದರು, ಅಷ್ಟೇ.

“ಈಗಲೂ ಹಾಗೇ ಕಾಣ್ತದಾ?”

ಅವರು ಹೌದೆಂದು ತಲೆಯಾಡಿಸಿದರು.

“ಡಾಕ್ಟರಿಗೆ ಹೇಳ್ಲಾ? ಹೇಳುದು ಬಿಡುದು ನಿಮ್ಮ ಇಷ್ಟ.”

“ಹೇಳು. ಈ ಸಲ ಪೂರ್ತಿ ಹೇಳು.”

ಒಳಗೆ ಅವಳು ಪೂರ್ತಿ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಉಮರಬ್ಬರ ಹತ್ತಿರ ಎಳೆದುಕೊಂಡರು. ಒಂದು ಗಂಟೆ ಮಾತಾಯಿತು. ಬುಧವಾರ ಮತ್ತೆ ಬರಲು ಹೇಳಿದರು.

ಹೊರಡುವಾಗ ಉಮರಬ್ಬ ಕೌಂಟರಿನ ಮುಂದೆ ನಿಂತರು. “ಪ್ರತೀ ಸಲ ನೀನೇ ಇರ್ತೀಯಲ್ಲ ಮೋಳೇ?”

“ಸೆಪ್ಟೆಂಬರ್‌ವರೆಗೆ ಇರ್ತೇನೆ ಕಾಕ. ಆಮೇಲೆ ಎರಡು ವರ್ಷ ಕಲಿಲಿಕ್ಕೆ ಹೋಗ್ತೇನೆ.”

ಹಾಗೆಂದ ಮೇಲೆಯೇ, ಯಾವ ಕೋರ್ಸು ಆರಿಸಿದ್ದೇನೆಂದು ಅವಳಿಗೆ ತಿಳಿದದ್ದು. ಅವರು ಹೋದ ಮೇಲೆ ಅರ್ಜಿ ತೆರೆದಳು. ಯಾರ ಹೆಸರನ್ನೂ ಹಾಕದೆ, ತಾನು ನುಂಗಿದ ಆ ಮಾತಿನಿಂದಲೇ ಬರೆಯಲು ಶುರು ಮಾಡಿದಳು.